ಬಿದಿರಿನ ಏಳನೆಯ ರಂಧ್ರ: ಪನ್ನಾಲಾಲ ಘೋಷರ ಜೀವನ ಮತ್ತು ವಾದ್ಯಶೋಧ

ಭಾರತೀಯ ಕಾವ್ಯ ಮತ್ತು ಶಿಲ್ಪ ಪರಂಪರೆಗಳಲ್ಲಿ ವೀಣೆಯನ್ನು ಬಿಟ್ಟರೆ ಕೊಳಲಿಗೆ ಸಂದಷ್ಟು ಗೌರವ ಬೇರಾವ ವಾದ್ಯಕ್ಕೂ ಸಂದಂತಿಲ್ಲ. ಹೊಯ್ಸಳ ದೇಗುಲಗಳ ವೇಣುಗೋಪಾಲ ಮೂರ್ತಿಗಳು, ಹರಿದಾಸರ ಕೀರ್ತನೆಗಳು, ಆಧುನಿಕ ಕಾಲದಲ್ಲಿ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಇವೆಲ್ಲವೂ ಕನ್ನಡದ ಮಟ್ಟಿಗೆ ಈ ಮಾತಿಗೆ ಸಾಕ್ಷಿಯಾಗಿವೆ. ಆದರೆ ಕಾವ್ಯದಲ್ಲಿ ದೊರೆತ ಗೌರವ ಕಛೇರಿಯಲ್ಲಿಯೂ ದೊರೆಯಿತೆಂದು ಭಾವಿಸುವಂತಿಲ್ಲ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದವರೆಗೂ ಹಿಂದುಸ್ತಾನಿ ಸಂಗೀತದಲ್ಲಿ ಕೊಳಲು ಜಾನಪದದ, ಕೀರ್ತನಮೇಳದ ಹಾಗೂ ನಾಟಕಶಾಲೆಯ ವಾದ್ಯವಾಗಿತ್ತೇ ಹೊರತು ರಾಗವೊಂದನ್ನು ಒಂದು ಗಂಟೆಯ ಕಾಲ ವಿಸ್ತರಿಸಬಲ್ಲ ಪ್ರಧಾನವಾದ್ಯವೆಂದು ಪರಿಗಣಿತವಾಗಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದವರು ಪನ್ನಾಲಾಲ ಘೋಷ್ (1911–1960). ಅವರನ್ನು ಸಾಮಾನ್ಯವಾಗಿ ಶ್ರೇಷ್ಠ ವಾದಕರೆಂದು ಸ್ಮರಿಸಲಾಗುತ್ತದೆ. ಅವರ ಸಾಧನೆಯ ಇನ್ನೊಂದು ಮುಖ, ಅಂದರೆ ವಾದ್ಯನಿರ್ಮಾಪಕರಾಗಿ ಅವರು ಮಾಡಿದ ಕೆಲಸ, ಅಷ್ಟೇ ಮುಖ್ಯವಾದದ್ದು. ಅವರ ವಾದನವನ್ನು ಅವರು ರೂಪಿಸಿದ ಬಿದಿರಿನಿಂದ ಬೇರ್ಪಡಿಸಿ ಅರ್ಥೈಸುವುದು ಸಾಧ್ಯವಿಲ್ಲ.

ಪೂರ್ವಪರಂಪರೆ

ಕೊಳಲಿನ ಶಾಸ್ತ್ರೀಯ ವಿವೇಚನೆ ನಮ್ಮಲ್ಲಿ ಅತಿ ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರವು ಸುಷಿರವಾದ್ಯಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ರಂಧ್ರವನ್ನು ಪೂರ್ಣವಾಗಿ ತೆರೆದಾಗ ನಾಲ್ಕು ಶ್ರುತಿಯ ಸ್ವರ, ಬೆರಳನ್ನು ಕಂಪಿಸಿದಾಗ ಮೂರು ಶ್ರುತಿಯ ಸ್ವರ, ಅರ್ಧ ತೆರೆದಾಗ ಎರಡು ಶ್ರುತಿಯ ಸ್ವರ ಹೊರಡುತ್ತದೆಂಬ ಸೂಕ್ಷ್ಮ ಅವಲೋಕನ ಅಲ್ಲಿದೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ವಾದ್ಯಾಧ್ಯಾಯದಲ್ಲಿ ಊದುರಂಧ್ರಕ್ಕೂ ಮೊದಲ ಸ್ವರರಂಧ್ರಕ್ಕೂ ನಡುವಿನ ಅಂತರವನ್ನು ಅಂಗುಲಗಳಲ್ಲಿ ಅಳೆದು, ಆ ಅಳತೆಯ ಆಧಾರದ ಮೇಲೆ ವಂಶಗಳನ್ನು ವರ್ಗೀಕರಿಸಿದ್ದಾನೆ. ಬೆರಳಿನ ಅರ್ಧಮುಚ್ಚುವಿಕೆ ಮತ್ತು ನಾಳದ ಅಳತೆ ಎಂಬ ಈ ಎರಡು ಸಂಗತಿಗಳೇ ಮುಂದೆ ಪನ್ನಾಲಾಲರ ಪ್ರಯೋಗಗಳ ಕೇಂದ್ರದಲ್ಲಿಯೂ ಕಾಣಿಸಿಕೊಳ್ಳುತ್ತವೆ ಎಂಬುದು ಗಮನಾರ್ಹ.

ದಕ್ಷಿಣದಲ್ಲಿ ಕೊಳಲು ಉತ್ತರಕ್ಕಿಂತ ಒಂದು ತಲೆಮಾರು ಮುಂಚೆಯೇ ಕಛೇರಿಯ ಪ್ರಧಾನವಾದ್ಯವಾಯಿತು. ಕುಂಭಕೋಣದ ಅಂಧ ವಿದ್ವಾಂಸ ಶರಭಶಾಸ್ತ್ರಿಗಳು (1872–1904) ಅದಕ್ಕೆ ಆ ಸ್ಥಾನವನ್ನು ದೊರಕಿಸಿದರು. ಅವರ ಶಿಷ್ಯ ಪಲ್ಲಡಂ ಸಂಜೀವರಾವ್ (1882–1962) ಅದನ್ನು ಮುಂದುವರಿಸಿದರು. ಅನಂತರ ಟಿ.ಆರ್. ಮಹಾಲಿಂಗಂ (1926–1986) ಬೆರಳಿಡುವ ಕ್ರಮವನ್ನೇ ಬದಲಿಸಿ ಗಾಯನಕ್ಕೆ ಸಮನಾದ ಗಮಕಗಳನ್ನು ಅದರಿಂದ ಹೊರಡಿಸಿದರು. ಆದರೆ ದಕ್ಷಿಣದ ಎಂಟು ಬೆರಳುರಂಧ್ರಗಳ ಚಿಕ್ಕ ಕೊಳಲಿನ ಪರಿಹಾರವು ಉತ್ತರದ ಸಮಸ್ಯೆಗೆ ಹೊಂದುವಂತಿರಲಿಲ್ಲ. ಕೃತಿಯನ್ನು ಆಧರಿಸಿದ ಕಛೇರಿಪದ್ಧತಿಯ ಅಗತ್ಯಗಳು ಬೇರೆ. ಮಂದ್ರಸ್ಥಾಯಿಯಲ್ಲಿ ದೀರ್ಘಕಾಲ ನಿಂತು, ಸ್ವರದಿಂದ ಸ್ವರಕ್ಕೆ ನಿಧಾನವಾಗಿ ಜಾರುತ್ತ ಸಾಗುವ ವಿಲಂಬಿತ ಖಯಾಲಿನ ಅಗತ್ಯಗಳು ಬೇರೆ.

ಬಾರಿಸಾಲಿನಿಂದ ಕಲಕತ್ತೆಗೆ

ಪನ್ನಾಲಾಲರು 1911ರ ಜುಲೈ ತಿಂಗಳಲ್ಲಿ ಪೂರ್ವಬಂಗಾಳದ ಬಾರಿಸಾಲಿನಲ್ಲಿ ಜನಿಸಿದರು. ಅದು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ಅವರ ನಿಜನಾಮ ಅಮಲಜ್ಯೋತಿ ಘೋಷ್. ತಂದೆ ಅಕ್ಷಯಕುಮಾರ ಘೋಷ್ ಸಿತಾರ್ ವಾದಕರು. ಮನೆಯ ವಾತಾವರಣವೇ ಸಂಗೀತಮಯವಾಗಿತ್ತು. ಮುಂದೆ ತಬಲಾವಾದಕರಾಗಿ ಖ್ಯಾತರಾದ, 1956ರಲ್ಲಿ ಮುಂಬಯಿಯಲ್ಲಿ ‘ಸಂಗೀತ ಮಹಾಭಾರತಿ’ ಸಂಸ್ಥೆಯನ್ನು ಸ್ಥಾಪಿಸಿದ ನಿಖಿಲ ಘೋಷ್ (1918–1995) ಇವರ ತಮ್ಮ.

ಬಾರಿಸಾಲು ನದಿಗಳ ನಾಡು. ಊರಿನ ಪಕ್ಕದಲ್ಲಿ ಹರಿಯುವ ಕೀರ್ತನಖೋಲಾ ನದಿಯಲ್ಲಿ ಬಾಲಕನಿಗೆ ಬಿದಿರಿನ ಕೋಲೊಂದು ತೇಲಿಬಂದು ದೊರೆಯಿತೆಂದೂ, ಅದು ಅರ್ಧ ಊರುಗೋಲು, ಅರ್ಧ ಕೊಳಲು ಆಗಿತ್ತೆಂದೂ ಒಂದು ಐತಿಹ್ಯ ಪ್ರಚಲಿತವಾಗಿದೆ. ದೊಡ್ಡ ಕಲಾವಿದರ ಬಾಲ್ಯದ ಸುತ್ತ ಇಂತಹ ಕಥೆಗಳು ಹುಟ್ಟಿಕೊಳ್ಳುವುದು ಸಹಜ. ಈ ಕಥೆಯಲ್ಲಿನ ಕೊಳಲು ಊರುಗೋಲಿನಷ್ಟು ಉದ್ದವಾಗಿದ್ದುದು ಮಾತ್ರ ಆಕಸ್ಮಿಕವಲ್ಲ. ಪನ್ನಾಲಾಲರ ನೀಳ ಕೊಳಲನ್ನು ಕಂಡ ಮೇಲೆ ಲೋಕವು ಅವರ ಬಾಲ್ಯದಲ್ಲಿಯೂ ಅದೇ ಉದ್ದವನ್ನು ಕಲ್ಪಿಸಿಕೊಂಡಿರಬಹುದು. ಐತಿಹ್ಯವು ನಡೆದುದನ್ನು ಹೇಳುವುದಕ್ಕಿಂತ, ಆ ಕಲಾವಿದನಲ್ಲಿ ಜನ ಕಂಡ ಹೊಸತನ ಯಾವುದೆಂಬುದನ್ನು ಹೇಳುತ್ತದೆ.

ಯೌವನದಲ್ಲಿ ಅವರು ವ್ಯಾಯಾಮಶಾಲೆಗಳ ಸಂಪರ್ಕಕ್ಕೆ ಬಂದರು. ಅಂದಿನ ಬಂಗಾಳದಲ್ಲಿ ಗರಡಿಯೆಂದರೆ ಮೈಕಟ್ಟು ಬೆಳೆಸುವ ಸ್ಥಳ ಮಾತ್ರವಾಗಿರದೆ ಸ್ವಾತಂತ್ರ್ಯ ಚಳವಳಿಯ ತರುಣರು ಸೇರುವ ತಾಣವೂ ಆಗಿತ್ತು. ಮುಷ್ಟಿಯುದ್ಧದಲ್ಲಿ ಅವರು ಪರಿಣತಿ ಪಡೆದರು. ಚಳವಳಿಯ ನಂಟಿನಿಂದಾಗಿ ಆಳರಸರ ಕಣ್ಣಿಗೆ ಬಿದ್ದು, ಹದಿಹರೆಯದಲ್ಲಿಯೇ ಬಾರಿಸಾಲನ್ನು ತೊರೆದು ಜೀವನೋಪಾಯವನ್ನು ಅರಸುತ್ತ ಕಲಕತ್ತೆಗೆ ಬಂದರು. ಅದೇ ಊರಿನವರೂ ಬಾಲ್ಯಸ್ನೇಹಿತರೂ ಆಗಿದ್ದ, ಮುಂದೆ ಹಿಂದಿ ಚಿತ್ರಸಂಗೀತದ ಆದ್ಯರಲ್ಲಿ ಒಬ್ಬರಾದ ಅನಿಲ್ ಬಿಸ್ವಾಸರ (1914–2003) ಸಹೋದರಿ ಪಾರುಲ್ ಅವರ ಪತ್ನಿ.

ಕಲಕತ್ತೆಯಲ್ಲಿ ಅವರಿಗೆ ಆಶ್ರಯವಿತ್ತುದು ಚಲನಚಿತ್ರೋದ್ಯಮ. ‘ನ್ಯೂ ಥಿಯೇಟರ್ಸ್’ ಸಂಸ್ಥೆಯಲ್ಲಿ ರಾಯ್‌ಚಂದ್ ಬೊರಾಲರ ವಾದ್ಯವೃಂದದಲ್ಲಿ ಅವರು ಕೊಳಲು ನುಡಿಸಿದರು. ಚಿತ್ರಗೀತೆಯ ವಾದ್ಯಮೇಳದಲ್ಲಿ ಕೊಳಲಿಗೆ ಸಲ್ಲುತ್ತಿದ್ದುದು ಕೆಲವೇ ಕ್ಷಣಗಳ ಅವಕಾಶ. ಹಗಲು ಇಂತಹ ತುಣುಕುಗಳನ್ನು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ವಾದಕ ರಾಗದ ಪೂರ್ಣವಿಸ್ತಾರಕ್ಕಾಗಿ ಹಂಬಲಿಸಿದುದರಲ್ಲಿಯೇ ಅವರ ಮುಂದಿನ ಶೋಧದ ಬೀಜವಿದೆ.

ಗುರುವಿನ ಅನ್ವೇಷಣೆ

ಕೊಳಲಿಗೆ ಹಿಂದುಸ್ತಾನಿ ಸಂಗೀತದಲ್ಲಿ ಘರಾಣೆ ಇರಲಿಲ್ಲ. ಆದ್ದರಿಂದ ಕೊಳಲು ಕಲಿಯಬೇಕೆಂಬವನು ಬೇರೆ ವಾದ್ಯದ ಅಥವಾ ಗಾಯನದ ಗುರುವನ್ನೇ ಆಶ್ರಯಿಸಬೇಕಾಗಿತ್ತು. ಪನ್ನಾಲಾಲರ ಮೊದಲ ಶಾಸ್ತ್ರೀಯ ಗುರು ಖುಷಿ ಮಹಮ್ಮದ್ ಖಾನ್ ಹಾರ್ಮೋನಿಯಂ ವಾದಕರು. ಇದರಲ್ಲೊಂದು ವೈಚಿತ್ರ್ಯವಿದೆ. ಹಾರ್ಮೋನಿಯಂ ಸ್ಥಿರಸ್ವರಗಳ ವಾದ್ಯ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಿಂದ ಹೊರಡದು. ಅಂತಹ ವಾದ್ಯದ ಗುರುವಿನಿಂದ ರಾಗಜ್ಞಾನವನ್ನು ಪಡೆದು, ಆ ವಾದ್ಯಕ್ಕೆ ಎಟುಕದ ಮೀಂಡನ್ನು ಕೊಳಲಿನಲ್ಲಿ ಸಾಧಿಸುವುದು ಶಿಷ್ಯನ ಪಾಲಿಗೆ ಬಂದಿತು. ಗುರುವಿನ ನಿಧನಾನಂತರ ಅವರು ಗಾಯಕ ಗಿರಿಜಾಶಂಕರ ಚಕ್ರವರ್ತಿಯವರಲ್ಲಿ ಶಿಕ್ಷಣ ಮುಂದುವರಿಸಿದರು. ಇದರಿಂದ ಖಯಾಲ್ ಗಾಯಕಿಯ ನೇರ ಸಂಸ್ಕಾರ ದೊರೆಯಿತು.

1938ರಲ್ಲಿ ಸರಾಯಿಕೇಲಾ ಸಂಸ್ಥಾನದ ಛಾವು ನೃತ್ಯತಂಡದೊಡನೆ ಅವರು ಯುರೋಪಿಗೆ ಹೋಗಿಬಂದರು. 1940ರಲ್ಲಿ ಮುಂಬಯಿಗೆ ನೆಲೆ ಬದಲಿಸಿದರು. ಅಲ್ಲಿಯೂ ಚಿತ್ರರಂಗವೇ ಅನ್ನಕ್ಕೆ ದಾರಿ. ‘ಸ್ನೇಹಬಂಧನ್’ (1940) ಮೊದಲಾದ ಚಿತ್ರಗಳಿಗೆ ಸಂಗೀತ ನಿರ್ದೇಶಿಸಿದರು. ಬಾಂಬೆ ಟಾಕೀಸಿನ ‘ಬಸಂತ್’ (1942) ಅವರ ಹೆಸರಿನಲ್ಲಿ ಬಂದ ಅತ್ಯಂತ ಜನಪ್ರಿಯ ಚಿತ್ರ. ಅದರ ಸಂಗೀತದಲ್ಲಿ ಅನಿಲ್ ಬಿಸ್ವಾಸರ ಪಾಲೂ ಇದ್ದಿತೆಂಬುದನ್ನು ಚಿತ್ರಸಂಗೀತದ ಚರಿತ್ರೆಯನ್ನು ಬರೆದವರು ಗುರುತಿಸಿದ್ದಾರೆ. ಪಾರುಲ್ ಘೋಷ್ ಸಹ ಈ ಅವಧಿಯ ಹಿನ್ನೆಲೆ ಗಾಯಕಿಯರಲ್ಲಿ ಪ್ರಮುಖರಾದರು.

ಚಿತ್ರರಂಗದಲ್ಲಿ ಹೆಸರು, ಕಛೇರಿಗಳಲ್ಲಿ ಮನ್ನಣೆ ಎರಡೂ ದೊರೆತ ಮೇಲೆ ಪನ್ನಾಲಾಲರು ಕೈಗೊಂಡ ನಿರ್ಧಾರ ಅವರ ವ್ಯಕ್ತಿತ್ವವನ್ನು ಚೆನ್ನಾಗಿ ತಿಳಿಸುತ್ತದೆ. 1940ರ ದಶಕದ ಉತ್ತರಾರ್ಧದಲ್ಲಿ, ಮೂವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಅವರು ಮೈಹರಿನ ಬಾಬಾ ಅಲ್ಲಾವುದ್ದೀನ್ ಖಾನರ ಶಿಷ್ಯತ್ವವನ್ನು ಸ್ವೀಕರಿಸಿದರು. ಖ್ಯಾತನಾಮರಾದ ವಾದಕರೊಬ್ಬರು ಹೊಸದಾಗಿ ಶಿಷ್ಯರಾಗಿ ಕುಳಿತುಕೊಳ್ಳುವುದು ಸಾಮಾನ್ಯ ಸಂಗತಿಯಲ್ಲ. ಸರೋದ್, ಸಿತಾರ್, ಸುರಬಹಾರುಗಳ ಆ ಗುರುಕುಲದಲ್ಲಿ ಅವರಿಗೆ ತಂತಕಾರಿ ಅಂಗದ ಶಿಸ್ತು ದೊರೆಯಿತು. ಗಾಯಕಿ ಮತ್ತು ತಂತಕಾರಿಗಳ ಈ ಸಂಗಮವೇ ಅವರ ಪ್ರೌಢ ಶೈಲಿಯ ತಳಹದಿ.

ವಾದ್ಯದ ಪುನರ್ರಚನೆ

ಈ ಗುರುಗಳು ಕಲಿಸಿದುದನ್ನು ಅಂದಿನ ಕೊಳಲಿನಲ್ಲಿ ನುಡಿಸುವುದು ಸಾಧ್ಯವಿತ್ತೆ ಎಂಬುದು ಮೂಲಭೂತ ಪ್ರಶ್ನೆ. ಚಿಕ್ಕ ಕೊಳಲಿನ ನಾದ ಎತ್ತರದ ಸ್ಥಾಯಿಯದು, ತೀಕ್ಷ್ಣವಾದುದು. ದೂರದವರೆಗೆ ಕೇಳಿಸಬೇಕಾದ ಹಳ್ಳಿಯ ಬಯಲಿಗೆ ಅದು ಹೊಂದುತ್ತದೆ; ದರಬಾರಿ ಕಾನಡದ ಮಂದ್ರ ಆಲಾಪಕ್ಕೆ ಹೊಂದುವುದಿಲ್ಲ. ಅದರ ರಂಧ್ರಗಳೂ ಚಿಕ್ಕವು. ರಂಧ್ರ ಚಿಕ್ಕದಾದಷ್ಟೂ ಬೆರಳನ್ನು ಸ್ವಲ್ಪಸ್ವಲ್ಪವೇ ಸರಿಸಿ ಸ್ವರವನ್ನು ಜಾರಿಸುವ ಅವಕಾಶ ಕಡಿಮೆಯಾಗುತ್ತದೆ.

ಪನ್ನಾಲಾಲರು ಲೋಹ, ಎಬೊನೈಟ್, ಪ್ಲಾಸ್ಟಿಕ್ ಮೊದಲಾದ ವಸ್ತುಗಳಲ್ಲಿ ಕೊಳಲುಗಳನ್ನು ಪ್ರಯೋಗಿಸಿ ನೋಡಿ ಕೊನೆಗೆ ಬಿದಿರಿಗೇ ಮರಳಿದರು. ಹಲವು ಅಳತೆಗಳ ಅನಂತರ ಅವರು ನೆಚ್ಚಿಕೊಂಡುದು 32 ಅಂಗುಲ, ಎಂದರೆ ಸುಮಾರು 81 ಸೆಂಟಿಮೀಟರ್ ಉದ್ದದ ಕೊಳಲು. ನಾಳ ಉದ್ದವಾದಂತೆ ಅದರೊಳಗಿನ ಗಾಳಿಯ ಕಂಬವೂ ಉದ್ದವಾಗಿ ನಾದ ಕೆಳಗಿಳಿಯುತ್ತದೆ. ಈ ಅಳತೆಯಲ್ಲಿ ಕೊಳಲಿನ ಧ್ವನಿ ಗಾಯಕನ ಕಂಠದ ವ್ಯಾಪ್ತಿಗೆ ಸಮೀಪ ಬಂದಿತು. ಮಂದ್ರದ ಆಲಾಪಕ್ಕಾಗಿ ಇದಕ್ಕಿಂತಲೂ ಉದ್ದವಾದ ಕೊಳಲನ್ನು ಬೇರೆಯಾಗಿ ಬಳಸಿದುದೂ ಉಂಟು.

ಇಂತಹ ಕೊಳಲಿಗೆ ಎಲ್ಲ ಬಿದಿರೂ ಒದಗುವುದಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ಸಾಕಷ್ಟು ಅಂತರವಿದ್ದು, ಗೋಡೆ ತೆಳುವಾಗಿ, ಒಳಮೈ ಸಮನಾಗಿ, ನಾಳ ನೆಟ್ಟಗಿರಬೇಕು. ಇಂದಿಗೂ ದೊಡ್ಡ ಬಾನ್ಸುರಿಗಳಿಗೆ ಬೇಕಾದ ಬಿದಿರು ಮುಖ್ಯವಾಗಿ ಅಸ್ಸಾಮಿನ ಕಾಡುಗಳಿಂದ ಬರುತ್ತದೆ. ಕಡಿದ ಬಿದಿರನ್ನು ನೆರಳಿನಲ್ಲಿ ಬಹುಕಾಲ ಒಣಗಿಸಿ ಹದಗೊಳಿಸಬೇಕು. ಒಂದು ತುದಿಯನ್ನು ಗೆಣ್ಣು ಅಥವಾ ಬಿರಟೆಯಿಂದ ಮುಚ್ಚಿ, ಕಾಯಿಸಿದ ಕಬ್ಬಿಣದ ಸರಳಿನಿಂದ ರಂಧ್ರಗಳನ್ನು ಸುಡಬೇಕು. ಮೊದಲು ಚಿಕ್ಕದಾಗಿ ಸುಟ್ಟು, ಊದಿ ನೋಡಿ, ಸ್ವರ ಕೂಡುವವರೆಗೆ ಸ್ವಲ್ಪಸ್ವಲ್ಪವಾಗಿ ಹಿಗ್ಗಿಸುತ್ತ ಹೋಗುವುದು ಇದರ ಕ್ರಮ. ಹಿಗ್ಗಿಸಿದ ರಂಧ್ರವನ್ನು ಮತ್ತೆ ಕುಗ್ಗಿಸುವುದು ಕಷ್ಟ. ವರ್ಷಗಟ್ಟಲೆ ಕಾಯ್ದಿಟ್ಟ ಬಿದಿರು ಒಂದು ಕ್ಷಣದ ಆತುರಕ್ಕೆ ಸುಶ್ರಾವ್ಯತೆಯನ್ನು ಕಳೆದುಕೊಳ್ಳಬಹುದು. ಸಿದ್ಧವಾದ ಮೇಲೆಯೂ ಒಣಹವೆಗೆ ಸೀಳುಬಿಡದಂತೆ ದಾರ ಸುತ್ತಿ ಕಾಪಾಡಬೇಕು. ವೀಣೆ, ಸಿತಾರುಗಳಂತೆ ಬಿರಡೆ ತಿರುಗಿಸಿ ಶ್ರುತಿಗೂಡಿಸುವ ಅವಕಾಶ ಇಲ್ಲಿಲ್ಲ. ವಾದ್ಯದ ಶ್ರುತಿ ಅದರ ನಿರ್ಮಾಣದಲ್ಲಿಯೇ ನಿಶ್ಚಿತವಾಗಿಬಿಡುತ್ತದೆ. ಆದುದರಿಂದಲೇ ಕೊಳಲುಗಾರನು ವಾದಕನಷ್ಟೇ ಆಗಿದ್ದರೆ ಸಾಲದು. ನಿರ್ಮಾಣದ ರಹಸ್ಯವೂ ಅವನಿಗೆ ತಿಳಿದಿರಬೇಕಾಗುತ್ತದೆ.

ಉದ್ದ ಹೆಚ್ಚಿದಾಗ ರಂಧ್ರಗಳ ನಡುವಿನ ಅಂತರವೂ ಹೆಚ್ಚಿತು. ದೊಡ್ಡ ರಂಧ್ರಗಳನ್ನು ಬೆರಳಿನ ತುದಿಯಿಂದ ಮುಚ್ಚುವುದು ದುಸ್ತರವಾದ್ದರಿಂದ ಬೆರಳಿನ ಚಪ್ಪಟೆಯಾದ ಭಾಗವನ್ನು ಬಳಸಬೇಕಾಯಿತು. ಉಸಿರಿನ ಅಗತ್ಯವೂ ಬೆಳೆಯಿತು. ಗರಡಿಯಲ್ಲಿ ಪಳಗಿದ ದೇಹಕ್ಕೆ ಈ ಶ್ರಮ ಸಹ್ಯವಾಗಿರಬೇಕು. ಈ ಕಷ್ಟಗಳಿಗೆ ಪ್ರತಿಯಾಗಿ ದೊರೆತುದು ದೊಡ್ಡ ಲಾಭ. ಅಗಲವಾದ ರಂಧ್ರದ ಮೇಲೆ ಬೆರಳನ್ನು ಕೂದಲೆಳೆಯಷ್ಟು ಸರಿಸಿ ಕೋಮಲಸ್ವರಗಳನ್ನೂ ಅವುಗಳ ನಡುವಿನ ಶ್ರುತಿಗಳನ್ನೂ ಮುಟ್ಟುವುದು ಸಾಧ್ಯವಾಯಿತು.

ಏಳನೆಯ ರಂಧ್ರದ ತರ್ಕ

ಆರು ಬೆರಳುರಂಧ್ರಗಳ ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರಗಳನ್ನು ಮುಚ್ಚಿದಾಗ ಷಡ್ಜ ಹೊರಡುತ್ತದೆ. ಅಲ್ಲಿಂದ ಒಂದೊಂದೇ ಬೆರಳನ್ನು ಎತ್ತುತ್ತ ಹೋದರೆ ರಿಷಭ, ಗಾಂಧಾರಗಳು ಬಂದು, ಎಲ್ಲ ರಂಧ್ರಗಳೂ ತೆರೆದಾಗ ತೀವ್ರ ಮಧ್ಯಮ ಬರುತ್ತದೆ. ಮುಂದಿನ ಪಂಚಮಕ್ಕೆ ಆರೂ ರಂಧ್ರಗಳನ್ನು ಒಮ್ಮೆಲೇ ಮುಚ್ಚಿ, ಉಸಿರಿನ ಒತ್ತಡವನ್ನು ಹೆಚ್ಚಿಸಬೇಕು. ಹೀಗೆ ಸಪ್ತಕದ ನಟ್ಟನಡುವೆ, ತೀವ್ರ ಮಧ್ಯಮ ಮತ್ತು ಪಂಚಮಗಳ ಮಧ್ಯೆ, ಒಂದು ಒಡಕು ಉಳಿಯುತ್ತದೆ. ಗಾಯಕನ ಕಂಠದಲ್ಲಿ ಈ ಒಡಕಿಲ್ಲ. ಆದರೆ ಯಮನ್, ಬಿಹಾಗ್, ಶ್ರೀ ಮೊದಲಾದ ರಾಗಗಳ ಜೀವವಿರುವುದು ಬಹುಮಟ್ಟಿಗೆ ಈ ಎರಡು ಸ್ವರಗಳ ಸಂಬಂಧದಲ್ಲಿಯೇ.

ಪನ್ನಾಲಾಲರು ಆರನೆಯ ರಂಧ್ರದ ಕೆಳಗೆ, ಬಲಗೈಯ ಕಿರುಬೆರಳಿಗೆ ನಿಲುಕುವಂತೆ, ಏಳನೆಯ ರಂಧ್ರವೊಂದನ್ನು ಕೊರೆದರು. ಏಳನ್ನೂ ಮುಚ್ಚಿದಾಗ ಪಂಚಮಕ್ಕಿಂತ ಅರ್ಧಸ್ವರ ಕೆಳಗಿನ ತೀವ್ರ ಮಧ್ಯಮ ಹೊರಡುತ್ತದೆ. ಕಿರುಬೆರಳನ್ನು ಮೆಲ್ಲನೆ ಸರಿಸಿದರೆ ಅದು ಪಂಚಮಕ್ಕೆ ಜಾರುತ್ತದೆ. ಇದರಿಂದ ಎರಡು ಪ್ರಯೋಜನಗಳಾದವು. ಮಂದ್ರದಲ್ಲಿ ಒಂದು ಸ್ವರ ಹೆಚ್ಚಾಗಿ ದೊರೆಯಿತು. ಮಧ್ಯಸ್ಥಾಯಿಯಲ್ಲಿ ತೀವ್ರ ಮಧ್ಯಮವನ್ನು ತೆರೆದ ಬೆರಳುಗಳಿಂದ ಇಲ್ಲವೇ ಮುಚ್ಚಿದ ಬೆರಳುಗಳಿಂದ, ರಾಗದ ಚಲನೆಗೆ ತಕ್ಕಂತೆ, ನುಡಿಸುವ ಆಯ್ಕೆ ಒದಗಿತು. ರಂಧ್ರಗಳ ಸಂಖ್ಯೆಯನ್ನು ಹೆಚ್ಚಿಸುವ ಕುತೂಹಲದಿಂದ ಹುಟ್ಟಿದ ಬದಲಾವಣೆ ಇದಲ್ಲ. ರಾಗದ ಒಳಗಿನ ಅಗತ್ಯವು ವಾದ್ಯದ ಆಕಾರವನ್ನು ತಿದ್ದಿದುದಕ್ಕೆ ಇದು ಸ್ಪಷ್ಟ ನಿದರ್ಶನ.

ಯಮನ್, ಶ್ರೀ, ಮಾರ್ವಾ, ದರಬಾರಿ, ಪೀಲೂ ಮೊದಲಾದ ರಾಗಗಳ ಅವರ ಧ್ವನಿಮುದ್ರಣಗಳು ಉಳಿದಿವೆ. ಅಲ್ಲಿನ ನಾದಕ್ಕೆ ಆತುರವಿಲ್ಲ. ಸ್ವರವೊಂದನ್ನು ಪೂರ್ತಿಯಾಗಿ ಅನುಭವಿಸಿದ ಮೇಲೆಯೇ ಮುಂದಿನದಕ್ಕೆ ಸಾಗುವ ಗಾಯಕನ ನಡೆ ಅಲ್ಲಿದೆ. ನೂಪುರಧ್ವನಿ, ಚಂದ್ರಮೌಳಿ, ದೀಪಾವಳಿ, ಪುಷ್ಪಚಂದ್ರಿಕಾ ಮುಂತಾದ ಹೊಸ ರಾಗಗಳನ್ನೂ ಅವರು ಸೃಷ್ಟಿಸಿದರು.

ಆಕಾಶವಾಣಿ ಮತ್ತು ಕೊನೆಯ ವರ್ಷಗಳು

1956ರಲ್ಲಿ ಪನ್ನಾಲಾಲರು ದೆಹಲಿಯ ಆಕಾಶವಾಣಿಯ ರಾಷ್ಟ್ರೀಯ ವಾದ್ಯವೃಂದದ ನಿರ್ದೇಶಕರಾಗಿ ನೇಮಕಗೊಂಡರು. ಅದಕ್ಕೆ ಮುನ್ನ ಆ ಹೊಣೆ ರವಿಶಂಕರರದಾಗಿತ್ತು. ‘ಕಳಿಂಗವಿಜಯ’, ‘ಋತುರಾಜ’, ‘ಜ್ಯೋತಿರ್ಮಯ ಅಮಿತಾಭ’ ಮೊದಲಾದವು ವೃಂದಕ್ಕಾಗಿ ಅವರು ರಚಿಸಿದ ಕೃತಿಗಳು. ಆಕಾಶವಾಣಿಯು 1940ರಿಂದ ಹಾರ್ಮೋನಿಯಮ್ಮನ್ನು ನಿಷೇಧಿಸಿತ್ತು. ಆ ನಿರ್ಬಂಧ ಸಡಿಲಗೊಂಡುದು 1971ರಲ್ಲಿ. ಹಾರ್ಮೋನಿಯಂ ಗುರುವಿನ ಶಿಷ್ಯರೊಬ್ಬರು ಆ ವಾದ್ಯಕ್ಕೆ ಪ್ರವೇಶವೇ ಇಲ್ಲದ ಸಂಸ್ಥೆಯಲ್ಲಿ ರಾಷ್ಟ್ರೀಯ ವೃಂದವನ್ನು ನಡೆಸಿದರು. ಕಾಡಿನ ಬಿದಿರಿಗೆ ಸಂದ ಮಾನ್ಯತೆ ತಮ್ಮ ಗುರುವಿನ ವಾದ್ಯಕ್ಕೆ ಸಲ್ಲದಿದ್ದ ಕಾಲ ಅದು. ವಾದ್ಯಗಳ ಪ್ರತಿಷ್ಠೆ ಸ್ಥಿರವಾದುದಲ್ಲ, ಅದು ಕಾಲ ಮತ್ತು ಸಂಸ್ಥೆಗಳಿಂದ ನಿರ್ಣಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ಹುದ್ದೆಯಲ್ಲಿ ಅವರು ಇದ್ದುದು ನಾಲ್ಕೇ ವರ್ಷ. 1960ರ ಏಪ್ರಿಲ್ 20ರಂದು ದೆಹಲಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 48 ವರ್ಷ. ಮೈಹರಿನ ಶಿಕ್ಷಣ ದೊರೆತ ಮೇಲೆ ಅವರಿಗೆ ಉಳಿದಿದ್ದುದು ಒಂದು ದಶಕಕ್ಕಿಂತ ತುಸು ಹೆಚ್ಚಿನ ಅವಧಿ ಮಾತ್ರ. ವಿಲಂಬಿತದ ವಿಸ್ತಾರಕ್ಕಾಗಿ ವಾದ್ಯವನ್ನು ನೀಳಗೊಳಿಸಿದವರಿಗೆ ಆಯುಷ್ಯ ಅಷ್ಟು ನೀಳವಾಗಿ ಒದಗಲಿಲ್ಲ.

ಉತ್ತರಾಧಿಕಾರ

ಪನ್ನಾಲಾಲರ ಪರಂಪರೆಯಲ್ಲಿ ಕರ್ನಾಟಕ ಮೂಲದವರ ಪಾತ್ರ ಹಿರಿದಾದುದು. ಅವರ ಅಳಿಯರೂ ಪ್ರಧಾನ ಶಿಷ್ಯರೂ ಆದ ದೇವೇಂದ್ರ ಮುರ್ಡೇಶ್ವರ (1923–2000) ಏಳು ರಂಧ್ರಗಳ ಕೊಳಲಿನ ತಂತ್ರವನ್ನು ಕ್ರಮಬದ್ಧವಾಗಿ ಉಳಿಸಿ ಬೆಳೆಸಿದರು. ವಿ.ಜಿ. ಕಾರ್ನಾಡ್, ನಿರಂಜನ ಹಳದೀಪುರ ಅವರೂ ಪನ್ನಾಲಾಲರ ಶಿಷ್ಯರು. ಈ ಮೂವರ ಅಡ್ಡಹೆಸರುಗಳೂ ಕರಾವಳಿ ಕರ್ನಾಟಕದ ಊರುಗಳವು. ನಿರಂಜನರ ಪುತ್ರ ನಿತ್ಯಾನಂದ ಹಳದೀಪುರ ಅವರು ಮುರ್ಡೇಶ್ವರರಲ್ಲಿ ಕಲಿತು, ಮುಂದೆ ಅಲ್ಲಾವುದ್ದೀನ್ ಖಾನರ ಪುತ್ರಿ ಅನ್ನಪೂರ್ಣಾದೇವಿಯವರ (1927–2018) ಶಿಷ್ಯರಾದರು. ಬಾರಿಸಾಲಿನ ನದೀತೀರದಲ್ಲಿ ಮೊದಲಾದ ಈ ವಾದನಪರಂಪರೆ ಮುಂಬಯಿಯಲ್ಲಿ ನೆಲೆಸಿದ್ದ ಕರಾವಳಿಯ ಕುಟುಂಬಗಳಲ್ಲಿ ಮುಂದುವರಿಯಿತು. ಕರ್ನಾಟಕದ ಸಂಗೀತಚರಿತ್ರೆ ಧಾರವಾಡ ಪ್ರದೇಶದ ಗಾಯಕರಿಗೆ ನೀಡಿರುವ ಗಮನವನ್ನು ಈ ವೇಣುಪರಂಪರೆಗೂ ನೀಡಬೇಕಾಗಿದೆ.

ಪನ್ನಾಲಾಲರ ಎರಡು ಮುಖ್ಯ ಸುಧಾರಣೆಗಳ ಮುಂದಿನ ಗತಿ ಒಂದೇ ತೆರನಾಗಿಲ್ಲ. ನೀಳವಾದ ಕೊಳಲು ಸರ್ವಸಮ್ಮತವಾಯಿತು. ಅವರ ನೇರ ಶಿಷ್ಯರಲ್ಲದ ಹರಿಪ್ರಸಾದ್ ಚೌರಾಸಿಯಾ ಅವರೂ ನೀಳ ಕೊಳಲನ್ನೇ ಲೋಕವಿಖ್ಯಾತಗೊಳಿಸಿದರು. ಇಂದು ಹಿಂದುಸ್ತಾನಿ ಕೊಳಲೆಂದರೆ ನೀಳ ಕೊಳಲೇ ಎಂಬಷ್ಟರ ಮಟ್ಟಿಗೆ ಅದು ಸಹಜವಾಗಿದೆ. ಸಹಜವಾದುದರಿಂದಲೇ ಅದರ ಹಿಂದೆ ಒಬ್ಬ ವ್ಯಕ್ತಿಯ ಶೋಧವಿದೆಯೆಂಬುದು ಮರೆಯಾಗುತ್ತಿದೆ. ಏಳನೆಯ ರಂಧ್ರ ಹಾಗೆ ಸಾರ್ವತ್ರಿಕವಾಗಲಿಲ್ಲ. ಕಿರುಬೆರಳಿನ ಶ್ರಮ ಮತ್ತು ದೀರ್ಘಾಭ್ಯಾಸವನ್ನು ಬೇಡುವ ಅದನ್ನು ಬಹುಪಾಲು ವಾದಕರು ಬಿಟ್ಟುಕೊಟ್ಟು, ಒಡಕನ್ನು ತುಟಿ ಹಾಗೂ ಉಸಿರಿನ ನಿಯಂತ್ರಣದಿಂದ ಮುಚ್ಚುವ ದಾರಿಯನ್ನು ಹಿಡಿದರು. ಈಗ ಅದು ಮುಖ್ಯವಾಗಿ ಪನ್ನಾಲಾಲರ ಪರಂಪರೆಯವರ ಗುರುತಾಗಿ ಉಳಿದಿದೆ.

ಕಾವ್ಯದ ಸಂದರ್ಭದಲ್ಲಿ ಛಂದಸ್ಸನ್ನು ರೂಪಿಸಿದ ಕವಿಗೂ ಅದನ್ನು ಬಳಸಿದ ಕವಿಗೂ ಇರುವ ವ್ಯತ್ಯಾಸವನ್ನು ವಿಮರ್ಶೆ ಗುರುತಿಸುತ್ತದೆ. ವಾದ್ಯಸಂಗೀತದ ಚರಿತ್ರೆಯಲ್ಲಿ ಇಂತಹ ವಿವೇಚನೆ ಇನ್ನೂ ಸಾಕಷ್ಟು ಬೆಳೆದಿಲ್ಲ. ವಾದಕನ ಕಛೇರಿಗಳ, ಪ್ರಶಸ್ತಿಗಳ ದಾಖಲೆ ಸಿಗುತ್ತದೆ. ಅವನು ಕೊರೆದ ರಂಧ್ರದ ಅಳತೆಯ ದಾಖಲೆ ಸಿಗುವುದು ವಿರಳ. ಬಿದಿರು ಬಹುಕಾಲ ಬಾಳುವ ವಸ್ತುವಲ್ಲ. ಸೀಳಿದ ಕೊಳಲಿನೊಡನೆ ಅದರ ನಿರ್ಮಾಣದ ತಿಳಿವಳಿಕೆಯೂ ನಶಿಸುತ್ತದೆ. ಶಾರ್ಙ್ಗದೇವನು ಅಂಗುಲಗಳಲ್ಲಿ ಅಳೆದಿಟ್ಟುದರಿಂದಲೇ ಹದಿಮೂರನೆಯ ಶತಮಾನದ ವಂಶದ ಸ್ವರೂಪವನ್ನು ಇಂದು ಊಹಿಸುವುದು ಸಾಧ್ಯವಾಗಿದೆ. ಪನ್ನಾಲಾಲರ ಕೊಳಲುಗಳ ಉದ್ದ, ಒಳವ್ಯಾಸ, ರಂಧ್ರಗಳ ಅಂತರ, ಏಳನೆಯ ರಂಧ್ರದ ನಿಖರವಾದ ಸ್ಥಾನ ಇವುಗಳನ್ನು, ಆ ಪರಂಪರೆಯನ್ನು ಬಲ್ಲವರು ಇರುವಾಗಲೇ, ಅಷ್ಟೇ ಶ್ರದ್ಧೆಯಿಂದ ದಾಖಲಿಸುವ ಕಾರ್ಯ ನಡೆಯಬೇಕು.